ಅಧ್ಯಕ್ಷರೇ ಅಜೆರಿ, ಆದರೂ ಅಜೆರಿ ಹೋರಾಟಗಾರರು ಇರಾನಿನ ಜೈಲಿನಲ್ಲಿ ಯಾಕೆ?

ಹೇಮಾವತಿ ದಂಡೆ:
ಇರಾನ್ ಅಂದರೆ ನಮ್ಮ ಟಿವಿಗಳಲ್ಲಿ ಅಣುಬಾಂಬು, ಹಿಜಾಬು, ಇಸ್ರೇಲು. ಅಷ್ಟಕ್ಕೇ ಮುಗಿಯುತ್ತದೆ. ಅಲ್ಲಿನ ಅಜೆರ್ಬೈಜಾನಿ ಹೋರಾಟಗಾರರ ಬಗ್ಗೆ ಓದುತ್ತಾ ಕೂತೆ. ಅಜೆರಿಗಳು ಅಂತಲೂ ಕರೆಯುವ ಇವರು ವಾಯವ್ಯ ಇರಾನಿನ ಜನ, ಇವರ ಭಾಷೆಯನ್ನು ಅಲ್ಲಿ ತುರ್ಕಿ ಅಂತಲೇ ಅನ್ನುತ್ತಾರೆ. ಓದಿದಷ್ಟೂ ಗೊಂದಲ ಜಾಸ್ತಿ ಆಯಿತು.

ಅಬ್ಬಾಸ್ ಲೆಸಾನಿ ಅಂತ ಒಬ್ಬರಿದ್ದಾರೆ. ಅರ್ದಬಿಲ್ ಊರಿನವರು, ಮಾಂಸದ ಅಂಗಡಿ ಇಟ್ಟುಕೊಂಡಿದ್ದವರು. 2019ರಲ್ಲಿ ಇವರಿಗೆ ಮೊದಲು 8 ವರ್ಷ ಜೈಲು ಆಯಿತು. ಮೇಲ್ಮನವಿಗೆ ಹೋದ ಮೇಲೆ ಅದು 15 ವರ್ಷಕ್ಕೆ ಏರಿತು! ಮೇಲಿಂದ 2 ವರ್ಷ ದೂರದ ಊರಿಗೆ ಗಡಿಪಾರು. ಬಂದೂಕು ಹಿಡಿದವರಲ್ಲ, ಬಾಂಬ್ ಇಟ್ಟವರೂ ಅಲ್ಲ. ತಮ್ಮ ಜನರ ಭಾಷೆ, ಹಕ್ಕು ಅಂತ ಮಾತಾಡಿದವರು. ಮಾನವ ಹಕ್ಕು ಸಂಸ್ಥೆಯಾದ ಆಮ್ನೆಸ್ಟಿಯವರು ಇವರನ್ನು ಆತ್ಮಸಾಕ್ಷಿಯ ಕೈದಿ ಅಂತ ಕರೆದಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. 2024ರಲ್ಲಿ ಗೆದ್ದ ಅಧ್ಯಕ್ಷ ಮಸೂದ್ ಪೆಜೆಶ್ಕಿಯಾನ್ ಅಜೆರಿ ಮನೆತನದವರು, ಅಜೆರಿಗಳ ಮುಖ್ಯ ಊರಾದ ತಬ್ರೀಜ್‌ನಿಂದ ಸಂಸದರಾಗಿದ್ದವರು, ಸಭೆಗಳಲ್ಲಿ ಆ ಭಾಷೆಯಲ್ಲೇ ಮಾತಾಡುತ್ತಾರೆ. ಸರ್ವೋಚ್ಚ ನಾಯಕರಾಗಿದ್ದ ಅಲಿ ಖಮೇನಿ ಕೂಡ ತಂದೆಯ ಕಡೆಯಿಂದ ಅಜೆರಿ. ಇಷ್ಟೆಲ್ಲಾ ಅಧಿಕಾರ ಇದ್ದವರ ಜನರೇ ಜೈಲಿನಲ್ಲಿ ಯಾಕೆ? ಗೊತ್ತಿದ್ದವರು ಬಿಡಿಸಿ ಹೇಳಿ.

ಚಹಾ ಚಟ:
ನಮ್ಮ ಜಾತಿಯವನು ಮಂತ್ರಿಯಾದ ತಕ್ಷಣ ನಮ್ಮೂರಿಗೆ ರಸ್ತೆ ಬರುತ್ತದೆ ಅಂತ ನಂಬುವವರ ಪ್ರಶ್ನೆ ಇದು 😄

ಗೌರಿಬಿದನೂರು ಲೋಕಲ್:
ಇದೆಲ್ಲಾ ಪಶ್ಚಿಮದವರು ಊದಿ ದೊಡ್ಡದು ಮಾಡಿದ ಕಥೆ. ನಮ್ಮ ಪಕ್ಕದ ಶಿಯಾಗಳ ಊರು ಅಲೀಪುರದಿಂದ ಎಷ್ಟೋ ಹುಡುಗರು ಇರಾನಿನ ಧರ್ಮಶಿಕ್ಷಣದ ಊರು ಖುಮ್‌ಗೆ ಓದಲು ಹೋಗುತ್ತಾರೆ. ಅವರನ್ನು ಕೇಳಿ ನೋಡಿ. ತೆಹ್ರಾನಿನ ಬಜಾರಿನಲ್ಲಿ ಅಜೆರಿ ವ್ಯಾಪಾರಿಗಳದ್ದೇ ಕಾರುಬಾರು. ಸೈನ್ಯದಲ್ಲಿ, ಮೌಲ್ವಿಗಳಲ್ಲಿ, ಸರ್ಕಾರದಲ್ಲಿ ಎಲ್ಲಾ ಕಡೆ ಇದ್ದಾರೆ. ಅವರೂ ಶಿಯಾಗಳೇ. ಕುರ್ದರ, ಬಲೂಚರ ಸಮಸ್ಯೆ ಬೇರೆ, ಇವರದ್ದು ಬೇರೆ. ಜೈಲಿಗೆ ಹೋದವರು ದೇಶ ಒಡೆಯಲು ಹೊರಟವರು. ಯಾವ ದೇಶ ಸುಮ್ಮನಿರುತ್ತದೆ?

ಫ್ರಾಂಕ್‌ಫರ್ಟ್ ಕನ್ನಡತಿ:
@ಗೌರಿಬಿದನೂರು ಲೋಕಲ್, ಬಜಾರಿನ ಮಾತು ಒಪ್ಪುತ್ತೇನೆ. ಅಲ್ಲೇ ಉತ್ತರವೂ ಇದೆ. ಒಬ್ಬ ಅಜೆರಿ ಒಬ್ಬನಾಗಿ ಎಷ್ಟು ಬೇಕಾದರೂ ಮೇಲೆ ಹೋಗಬಹುದು. ವ್ಯಾಪಾರ ಮಾಡಬಹುದು, ಜನರಲ್ ಆಗಬಹುದು, ಅಧ್ಯಕ್ಷನೂ ಆಗಬಹುದು. ಆದರೆ ನಾಲ್ಕು ಜನ ಸೇರಿ "ನಮ್ಮ ಮಕ್ಕಳಿಗೆ ನಮ್ಮ ಭಾಷೆ ಕಲಿಸಿ" ಅಂದ ಕ್ಷಣ ಕಡತ ತೆರೆಯುತ್ತದೆ.

ನನ್ನ ಆಫೀಸಿನಲ್ಲಿ ತಬ್ರೀಜ್ ಕಡೆಯ ಒಬ್ಬಳಿದ್ದಾಳೆ. ಅವಳ ಅಣ್ಣನಿಗೆ ಪ್ರತಿ ವರ್ಷ ಫೆಬ್ರವರಿಯಲ್ಲಿ ಒಂದು ಫೋನ್ ಬರುತ್ತದಂತೆ. ಹೆಸರು ಹೇಳುವುದಿಲ್ಲ, ನಂಬರ್ ಕಾಣಿಸುವುದಿಲ್ಲ. "21ನೇ ತಾರೀಖು ಮನೆಯಲ್ಲೇ ಇರು, ಎಲ್ಲಿಗೂ ಹೋಗಬೇಡ." ಅಷ್ಟೇ ಮಾತು. ಫೆಬ್ರವರಿ 21 ಅಂದರೆ ತಾಯ್ನುಡಿ ದಿನ. ಅವನು ಹೋರಾಟಗಾರ ಕೂಡ ಅಲ್ಲ, ಕಾಲೇಜಿನಲ್ಲಿದ್ದಾಗ ಒಂದು ಪತ್ರಿಕೆ ಹಂಚಿದ್ದ.

ಸುಮ್ನೆ ಓದುವವ:
ತಾಯ್ನುಡಿ ದಿನಕ್ಕೆ ಬಂಧನವಾ? ನಿಜವಾಗಿಯೂ?

ಕಾನೂನು ಕಟ್ಟೆ:
ನಿಜ. ಅಲಿರೆಜಾ ಫರ್ಷಿ ಅವರ ಪ್ರಕರಣ ನೋಡಿ. 2014ರಲ್ಲಿ ತೆಹ್ರಾನ್ ಹತ್ತಿರ ತಾಯ್ನುಡಿ ದಿನಕ್ಕೆ ಜನ ಸೇರಿದ್ದಾಗ ಸಿಕ್ಕಿಬಿದ್ದವರು. ಕೇಸು ವರ್ಷಗಟ್ಟಲೆ ಎಳೆಯಿತು. ಕೊನೆಗೆ 2020ರಲ್ಲಿ ಶಿಕ್ಷೆ ಅನುಭವಿಸಲು ಜೈಲಿಗೆ ಹೋದರು. ಅಂದರೆ ಒಂದು ದಿನದ ಸಭೆಗೆ ಇಷ್ಟು ವರ್ಷದ ತೂಗುಗತ್ತಿ.

ಇದು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಎಲ್ಲಾ ಅಡಗಿರುವುದು ಈ ಕ್ರಮದಲ್ಲೇ.

ಇರಾನಿನ ಸಂವಿಧಾನದ 15ನೇ ವಿಧಿ ಏನು ಹೇಳುತ್ತದೆ? ಫಾರ್ಸಿ ರಾಜ್ಯಭಾಷೆ, ಪಠ್ಯಪುಸ್ತಕ ಅದರಲ್ಲೇ ಇರಬೇಕು. ಆದರೆ ಪ್ರಾದೇಶಿಕ ಭಾಷೆಗಳನ್ನು ಪತ್ರಿಕೆಗಳಲ್ಲಿ ಬಳಸಬಹುದು, ಅವುಗಳ ಸಾಹಿತ್ಯವನ್ನು ಶಾಲೆಗಳಲ್ಲಿ ಫಾರ್ಸಿಯ ಜೊತೆಗೆ ಕಲಿಸಬಹುದು. 1979ರ ಕ್ರಾಂತಿಯ ನಂತರ ಅವರೇ ಬರೆದುಕೊಂಡ ಸಂವಿಧಾನ ಇದು. 19ನೇ ವಿಧಿಯಲ್ಲಿ ಬಣ್ಣ, ಜನಾಂಗ, ಭಾಷೆ ಯಾವುದರಿಂದಲೂ ಯಾರಿಗೂ ಹೆಚ್ಚಿನ ಹಕ್ಕಿಲ್ಲ ಅಂತಲೂ ಇದೆ. ಹೋರಾಟಗಾರರು ಬಹುತೇಕ ಕೇಳುವುದು ಈ 15ನ್ನು ಜಾರಿ ಮಾಡಿ ಅಂತ.

ಆದರೆ ಬಂಧನ ಆಗುವುದು ಬೇರೆ ಕಾನೂನಿನಲ್ಲಿ. ದಂಡಸಂಹಿತೆಯ 610ನೇ ಕಲಂ, ರಾಷ್ಟ್ರೀಯ ಭದ್ರತೆ ವಿರುದ್ಧ ಸೇರಿ ಸಂಚು ಮಾಡುವುದು: 2ರಿಂದ 5 ವರ್ಷ. 500ನೇ ಕಲಂ, ವ್ಯವಸ್ಥೆ ವಿರುದ್ಧ ಪ್ರಚಾರ. ಇವೆರಡೂ ಎಷ್ಟು ಸಡಿಲವಾಗಿವೆ ಅಂದರೆ ಯಾವ ಸಭೆಯನ್ನು ಬೇಕಾದರೂ ಒಳಗೆ ತೂರಿಸಬಹುದು. ಗುಂಪು ಕಟ್ಟಿದ ಆರೋಪ ಸೇರಿದರೆ ಶಿಕ್ಷೆ ಇನ್ನೂ ಏರುತ್ತದೆ.

ಹಿಡಿಯುವುದು ಗುಪ್ತಚರ ಸಚಿವಾಲಯ ಅಥವಾ ಕ್ರಾಂತಿ ರಕ್ಷಣಾ ಪಡೆಯ ಗುಪ್ತಚರ ವಿಭಾಗ. ತಬ್ರೀಜ್‌ನಲ್ಲಿ ಹಿಡಿದರೆ ಅಲ್ಲಿನ ಗುಪ್ತಚರ ಬಂಧನ ಕೇಂದ್ರ, ತೆಹ್ರಾನಿಗೆ ತಂದರೆ ಎವಿನ್ ಜೈಲಿನ 209ನೇ ವಾರ್ಡು. ಕಣ್ಣಿಗೆ ಪಟ್ಟಿ, ಒಂಟಿ ಕೋಣೆ, ಮನೆಯವರಿಗೆ ಒಂದು ಸಣ್ಣ ಫೋನು, ಕೆಲವೊಮ್ಮೆ ಅದೂ ಇಲ್ಲ. ವಕೀಲರು? ಕ್ರಿಮಿನಲ್ ಪ್ರಕ್ರಿಯೆ ಸಂಹಿತೆಯ 48ನೇ ಕಲಮಿಗೆ ಒಂದು ಟಿಪ್ಪಣಿ ಇದೆ. ಭದ್ರತೆ ಕೇಸಾದರೆ ತನಿಖೆಯ ಹಂತದಲ್ಲಿ ನ್ಯಾಯಾಂಗದ ಮುಖ್ಯಸ್ಥರು ಒಪ್ಪಿದ ಪಟ್ಟಿಯಲ್ಲಿ ಇರುವ ವಕೀಲರನ್ನೇ ಆರಿಸಬೇಕು. ತಪ್ಪೊಪ್ಪಿಗೆ ಬರೆಸಿಕೊಳ್ಳುವ ಹಂತವೂ ಅದೇ. ಅರ್ಥವಾಯಿತಲ್ಲ? ಆಮೇಲೆ ಸ್ವಂತ ವಕೀಲ ಬಂದು ಮಾಡುವುದೇನು, ಕಾಗದ ಆಗಲೇ ಸಿದ್ಧವಾಗಿರುತ್ತದೆ. ಅದನ್ನು ಹಿಡಿದು ಕ್ರಾಂತಿಕಾರಿ ನ್ಯಾಯಾಲಯ ತೀರ್ಪು ಕೊಡುತ್ತದೆ.

ಚಹಾ ಚಟ:
ಜಾಮೀನು ಸಿಗಲ್ವಾ?

ಕಾನೂನು ಕಟ್ಟೆ:
ಸಿಗುತ್ತದೆ, ಆದರೆ ಮೊತ್ತ ಕೇಳಿ ಬೆಚ್ಚಿಬೀಳಬೇಕು. ಮನೆಪತ್ರ ಅಡ ಇಡಬೇಕಾಗುತ್ತದೆ, ಅದೂ ಎಷ್ಟೋ ಸಲ ಅಣ್ಣನದ್ದು, ಮಾವನದ್ದು. ಹೊರಗೆ ಬಂದವನು ಮತ್ತೆ ಬಾಯಿ ಬಿಟ್ಟರೆ ಮಾವನ ಮನೆ ಹೋಯಿತು. ಬಾಯಿ ಮುಚ್ಚಿಸಲು ಇದಕ್ಕಿಂತ ಸುಲಭದ ದಾರಿ ಯಾವುದಿದೆ.

ಗೌರಿಬಿದನೂರು ಲೋಕಲ್:
ನಮ್ಮಲ್ಲಿ ಯುಎಪಿಎ ಇಲ್ವಾ? ಅಲ್ಲಿ ಮಾತ್ರ ಯಾಕೆ ಬೆರಳು ತೋರಿಸುತ್ತೀರಿ?

ಕಾನೂನು ಕಟ್ಟೆ:
ಇದೆ. ಅದರ ಬಗ್ಗೆಯೂ ಬರೆದಿದ್ದೇನೆ, ಹುಡುಕಿದರೆ ಸಿಗುತ್ತದೆ. ಈ ಚರ್ಚೆ ಇರಾನಿನದ್ದು.

ಬೀದರ್ ಬಿಸಿಲು:
ಇತಿಹಾಸ ಗೊತ್ತಿಲ್ಲದೆ ಇದು ಅರ್ಥ ಆಗುವುದಿಲ್ಲ. 1501ರಲ್ಲಿ ತಬ್ರೀಜ್‌ನಲ್ಲಿ ಪಟ್ಟ ಏರಿ ಇರಾನನ್ನು ಶಿಯಾ ರಾಜ್ಯ ಮಾಡಿದ ಶಾ ಇಸ್ಮಾಯಿಲ್ ತುರ್ಕಿ ಭಾಷೆಯಲ್ಲಿ ಕವಿತೆ ಬರೆದವನು. ಅವನ ಸಫವಿ ಮನೆತನದ ಮೂಲ ಅರ್ದಬಿಲ್. ಹೌದು, ಲೆಸಾನಿಯವರ ಊರೇ. ಆಮೇಲೆ ಬಂದ ಕಾಜಾರರೂ ತುರ್ಕಿ ಮಾತಾಡುವವರು, 1925ರವರೆಗೆ ಆಳಿದರು. 1906ರ ಸಂವಿಧಾನ ಕ್ರಾಂತಿಯನ್ನು ಷಾ ತುಳಿಯಲು ಹೊರಟಾಗ ಮುತ್ತಿಗೆಯಲ್ಲಿ ಹಸಿದು ನಿಂತು ಕಾದವರು ತಬ್ರೀಜ್ ಜನ, ಸತ್ತಾರ್ ಖಾನ್ ಮತ್ತು ಬಾಕರ್ ಖಾನ್ ಮುಂದಾಳತ್ವದಲ್ಲಿ. ಅಂದರೆ ಇವರು ಇರಾನಿನ ಅತಿಥಿಗಳೇನಲ್ಲ, ಆ ಮನೆ ಕಟ್ಟಿದವರು.

ಕೆಟ್ಟದ್ದು ಶುರುವಾದದ್ದು ಕಾಜಾರರ ನಂತರ ಬಂದ ರೆಜಾ ಷಾ ಕಾಲದಲ್ಲಿ. ಒಂದೇ ದೇಶ, ಒಂದೇ ಭಾಷೆ ಎನ್ನುವ ಹುಚ್ಚು. ಶಾಲೆ, ಕಚೇರಿ ಎಲ್ಲಾ ಫಾರ್ಸಿ. 1945ರ ಕೊನೆಯಲ್ಲಿ ಸೋವಿಯತ್ ಸೈನ್ಯದ ನೆರಳಿನಲ್ಲಿ ಜಾಫರ್ ಪಿಶೆವರಿ ತಬ್ರೀಜ್‌ನಲ್ಲಿ ಸ್ವಾಯತ್ತ ಸರ್ಕಾರ ಮಾಡಿದರು. ತುರ್ಕಿಯಲ್ಲಿ ಪಾಠ ಶುರುವಾಯಿತು, ವಿಶ್ವವಿದ್ಯಾಲಯವೂ ಬಂತು. ಒಂದೇ ವರ್ಷ. 1946ರ ಡಿಸೆಂಬರ್‌ನಲ್ಲಿ ತೆಹ್ರಾನಿನ ಸೈನ್ಯ ಬಂದು ಎಲ್ಲಾ ಮುಗಿಸಿತು. ಷಾ ಹೋದ, ಮೌಲ್ವಿಗಳು ಬಂದರು, ಆ ಭಯ ಮಾತ್ರ ಹಾಗೇ ಉಳಿಯಿತು. ಅಜೆರಿ ಬಾಯಿಂದ ಭಾಷೆ ಅಂತ ಬಂದರೆ ತೆಹ್ರಾನಿಗೆ 1946 ಕೇಳಿಸುತ್ತದೆ.

ಇನ್ನೊಂದು ಮಜಾ. ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾ ತನ್ನ ಸೈನಿಕರಿಗೆ ಸಫವಿಗಳ ಹನ್ನೆರಡು ಮೊನೆಯ ಕೆಂಪು ಟೋಪಿ ತೊಡಿಸಿದ್ದ ಅಂತ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಅರ್ದಬಿಲ್ಲಿನ ಟೋಪಿ ನಮ್ಮ ಗೋಳಗುಮ್ಮಟದ ಊರಲ್ಲಿ!

ಹೇಮಾವತಿ ದಂಡೆ:
ಬಿಜಾಪುರದ ವಿಷಯ ಮೊದಲ ಸಲ ಕೇಳಿದೆ. ಅದಕ್ಕೇ ಬೇರೆ ಎಳೆ ಶುರು ಮಾಡಿ, ಓದುತ್ತೇನೆ.

ಕಾಲ್ಚೆಂಡು ಕಾಳಿಂಗ:
ಫುಟ್ಬಾಲ್ ನೋಡುವವರಿಗೆ ಇದೆಲ್ಲಾ ಮೊದಲೇ ಗೊತ್ತು. ತಬ್ರೀಜ್‌ನ ಟ್ರ್ಯಾಕ್ಟರ್ ಕ್ಲಬ್ 2025ರಲ್ಲಿ ಮೊದಲ ಬಾರಿಗೆ ಇರಾನ್ ಲೀಗ್ ಗೆದ್ದಿತು. ಆ ಸ್ಟೇಡಿಯಂ ಒಂದು ರಾಜಕೀಯ ಸಭೆ ಇದ್ದಂತೆ. ಬೇರೆಲ್ಲೂ ಕೂಗಲಾಗದ್ದನ್ನು ಅಲ್ಲಿ ಸಾವಿರಾರು ಜನ ಒಟ್ಟಿಗೆ ಕೂಗುತ್ತಾರೆ. "ತುರ್ಕಿ ಭಾಷೆಯಲ್ಲಿ ಶಾಲೆ, ಎಲ್ಲರಿಗೂ ಇರಬೇಕು" ಅಂತ ಪ್ರಾಸ ಕಟ್ಟಿದ ಘೋಷಣೆ. ಅಷ್ಟು ಜನರಲ್ಲಿ ಯಾರನ್ನು ಹಿಡಿಯುತ್ತೀರಿ? ಆದರೂ ಹಿಡಿಯುತ್ತಾರೆ, ಪಂದ್ಯ ಮುಗಿದ ಮೇಲೆ. ತೆಹ್ರಾನಿಗೆ ಆಡಲು ಹೋದಾಗ ಎದುರು ತಂಡದ ಅಭಿಮಾನಿಗಳು ಇವರನ್ನು ಕತ್ತೆ ಅಂತ ಕೂಗುವುದೂ ಇದೆ. ತುರ್ಕಿ ಮಾತಾಡುವವರ ಮೇಲೆ ಹಳೆಯ ಗೇಲಿ ಅದು.

ಸುಮ್ನೆ ಓದುವವ:
ಜಿರಳೆ ಚಿತ್ರದ ಗಲಾಟೆ ಇದೇ ಜನರದ್ದಾ?

ಫ್ರಾಂಕ್‌ಫರ್ಟ್ ಕನ್ನಡತಿ:
ಹೌದು, 2006ರ ಮೇ ತಿಂಗಳು. ಸರ್ಕಾರಿ ಪತ್ರಿಕೆಯ ಮಕ್ಕಳ ಪುಟದಲ್ಲಿ ಒಂದು ವ್ಯಂಗ್ಯಚಿತ್ರ ಬಂತು, ಜಿರಳೆಯ ಬಾಯಲ್ಲಿ ಒಂದು ತುರ್ಕಿ ಮಾತು ಹಾಕಿದ್ದರು. ತಬ್ರೀಜ್, ಉರ್ಮಿಯಾ, ಅರ್ದಬಿಲ್, ನಗದೆ, ಎಲ್ಲಾ ಕಡೆ ಜನ ಬೀದಿಗೆ ಬಂದರು. ನಗದೆಯಲ್ಲಿ ಗುಂಡೇಟಿಗೆ ಜನ ಸತ್ತರು, ನಾಲ್ವರು ಸತ್ತದ್ದನ್ನು ಅಧಿಕಾರಿಗಳೇ ಒಪ್ಪಿದರು. ನೂರಾರು ಬಂಧನ. ಲೆಸಾನಿಯವರನ್ನು ಆಗಲೂ ಹಿಡಿದಿದ್ದರು. ಜೈಲಿನ ಜೊತೆ ಚಾಟಿಯೇಟಿನ ಶಿಕ್ಷೆ ಕೂಡ ಬರೆದರು.

ಇದರಲ್ಲಿ ಇನ್ನೊಂದು ದುರಂತ ಇದೆ. ಚಿತ್ರ ಬಿಡಿಸಿದ ಮಾನಾ ನೆಯೆಸ್ತಾನಿ ಮತ್ತು ಪುಟದ ಸಂಪಾದಕ ಇಬ್ಬರನ್ನೂ ಎವಿನ್‌ಗೆ ಹಾಕಿದರು. ಅಂದರೆ ಸಿಟ್ಟಿಗೆದ್ದವರೂ ಜೈಲಿನಲ್ಲಿ, ಸಿಟ್ಟು ಬರಿಸಿದವರೂ ಜೈಲಿನಲ್ಲಿ. ನೆಯೆಸ್ತಾನಿ ಆಮೇಲೆ ದೇಶ ಬಿಟ್ಟು ಹೋದರು.

ಚಹಾ ಚಟ:
ಒಂದು ಚಿತ್ರಕ್ಕೆ ಇಷ್ಟೆಲ್ಲಾನಾ? ಸ್ವಲ್ಪ ಅತಿ ಆಯಿತು ಅನಿಸಲ್ವಾ? ನಗುವುದನ್ನು ಕಲಿಯಬೇಕಪ್ಪ ಜನ.

ಬೀದರ್ ಬಿಸಿಲು:
ಶಾಲೆಯಲ್ಲಿ ತುರ್ಕಿ ಆಡಿದ್ದಕ್ಕೆ ದಂಡ ಕಟ್ಟಿದವನ ಮಗ, ಮಗುವಿಗೆ ತುರ್ಕಿ ಹೆಸರಿಟ್ಟರೆ ನೋಂದಣಿ ಕಚೇರಿಯಲ್ಲಿ ವಾಪಸ್ ಕಳಿಸಿಕೊಂಡವನು, ಟಿವಿಯಲ್ಲಿ ತನ್ನ ಮಾತಿನ ಧಾಟಿಯನ್ನು ದಡ್ಡ ಪಾತ್ರಕ್ಕೇ ಇಟ್ಟಿರುವುದನ್ನು ಬಾಲ್ಯದಿಂದ ನೋಡಿದವನು. ಅವನಿಗೆ ಹೋಗಿ ನಗು ಅಂತ ಹೇಳಿ. 2015ರಲ್ಲಿ ಮತ್ತೆ ಅದೇ ಆಯಿತು, ಸರ್ಕಾರಿ ಟಿವಿಯ ಮಕ್ಕಳ ಕಾರ್ಯಕ್ರಮದಲ್ಲಿ ಅಜೆರಿ ಧಾಟಿಯವನು ಟಾಯ್ಲೆಟ್ ಬ್ರಷ್‌ನಲ್ಲಿ ಹಲ್ಲುಜ್ಜುವ ಹಾಸ್ಯ. ಆ ಸಲ ಟಿವಿ ಮುಖ್ಯಸ್ಥರು ಕ್ಷಮೆ ಕೇಳಿ ಕಾರ್ಯಕ್ರಮ ನಿಲ್ಲಿಸಿದರು. ಬೀದಿಗೆ ಬಂದವರನ್ನು ಹಿಡಿಯುವುದನ್ನೇನೂ ನಿಲ್ಲಿಸಲಿಲ್ಲ.

ಗೌರಿಬಿದನೂರು ಲೋಕಲ್:
ಒಂದೇ ಕಡೆಯ ಮಾತು ಆಗುತ್ತಿದೆ. ತಬ್ರೀಜ್ ವಿಶ್ವವಿದ್ಯಾಲಯದಲ್ಲಿ 2016ರಿಂದ ಅಜೆರಿ ತುರ್ಕಿ ಭಾಷೆ ಮತ್ತು ಸಾಹಿತ್ಯದಲ್ಲಿ ಪದವಿ ಇದೆ. ಸಹಂದ್ ಅನ್ನುವ ಸ್ಥಳೀಯ ಟಿವಿ ಚಾನೆಲ್ ಇದೆ. ಪುಸ್ತಕಗಳು ಬರುತ್ತವೆ, ಹಾಡುಗಳಿಗೆ ತಡೆ ಇಲ್ಲ. ಇಷ್ಟೆಲ್ಲಾ ಯಾಕೆ ಹೇಳಲ್ಲ ನೀವು? ಮೇಲಿಂದ ಪಕ್ಕದ ಅಜೆರ್ಬೈಜಾನ್ ದೇಶದ ಬಾಕು ಸರ್ಕಾರ ಇಸ್ರೇಲ್ ಜೊತೆ ಸೇರಿ ಆಡುವ ಆಟ ನಿಮಗೆ ಕಾಣಲ್ವಾ? ಇಸ್ರೇಲಿಗೆ ತೈಲ ಕೊಡುವವರು, ಅಲ್ಲಿಂದ ಆಯುಧ ತರುವವರು. ಪಕ್ಕದಲ್ಲಿ ಇಂಥ ದೇಶ ಇದ್ದಾಗ ತೆಹ್ರಾನ್ ಕಣ್ಣು ಮುಚ್ಚಿ ಕೂರಬೇಕಾ?

ಕಾನೂನು ಕಟ್ಟೆ:
ಪದವಿ ಕೋರ್ಸ್ ಇರುವುದು ನಿಜ, ಒಳ್ಳೆಯದೇ. ಆದರೆ ಆರು ವರ್ಷದ ಮಗುವಿಗೆ ಒಂದನೇ ತರಗತಿಯಲ್ಲಿ ಇಲ್ಲ. ಅಲ್ಲೇ ಇರುವುದು ಜಗಳ. 2025ರ ಫೆಬ್ರವರಿಯಲ್ಲಿ 15ನೇ ವಿಧಿ ಜಾರಿಗೆ ಒಂದು ಮಸೂದೆ ಸಂಸತ್ತಿನ ಮುಂದೆ ಬಂತು. ಮತಕ್ಕೆ ಹಾಕಿದರು, ಬಿದ್ದುಹೋಯಿತು. ಆಗ ಅಧ್ಯಕ್ಷರು ಯಾರು? ಪೆಜೆಶ್ಕಿಯಾನ್. ಹೇಮಾವತಿಯವರ ಪ್ರಶ್ನೆಗೆ ಉತ್ತರದ ಅರ್ಧ ಇಲ್ಲಿದೆ. ಇನ್ನರ್ಧ ಇದು: ಗುಪ್ತಚರ, ನ್ಯಾಯಾಂಗ, ರಕ್ಷಣಾ ಪಡೆ, ಇವುಗಳ ಹಗ್ಗ ಅಧ್ಯಕ್ಷರ ಕೈಯಲ್ಲಿ ಇಲ್ಲ. ನ್ಯಾಯಾಂಗದ ಮುಖ್ಯಸ್ಥರನ್ನು ನೇಮಿಸುವುದು ಸರ್ವೋಚ್ಚ ನಾಯಕರು.

ಬೇಹುಗಾರರು ಇದ್ದರೆ ಸಾಕ್ಷಿ ಇಟ್ಟು, ವಕೀಲರನ್ನು ಕೊಟ್ಟು, ತೆರೆದ ಕೋರ್ಟಿನಲ್ಲಿ ವಿಚಾರಣೆ ಮಾಡಲಿ. ಯಾರು ಬೇಡ ಅಂದರು? ಸಈದ್ ಮತಿನ್‌ಪುರ್ ಅಂತ ಝಂಜಾನ್‌ನ ಪತ್ರಕರ್ತ. 2007ರಲ್ಲಿ ಹಿಡಿದರು. ವಿದೇಶಿಯರ ಜೊತೆ ಸಂಪರ್ಕ, ಪ್ರಚಾರ ಅಂತ 8 ವರ್ಷ. 2009ರಿಂದ ಎವಿನ್‌ನಲ್ಲಿ. ವಿಚಾರಣೆ ವೇಳೆ ಹಿಂಸೆ ಕೊಟ್ಟರು ಅಂತ ದೂರು ಇದೆ, ಬೆನ್ನಿನ ನೋವಿಗೆ ಸರಿಯಾದ ಚಿಕಿತ್ಸೆ ಕೊಡಲಿಲ್ಲ. ಇದನ್ನೇ ಹಿಂಸೆ ಅನ್ನುವುದು. ಹೊಡೆಯಲೇಬೇಕು ಅಂತಿಲ್ಲ. ವೈದ್ಯರ ಹತ್ತಿರ ಕಳಿಸದೆ ಇದ್ದರೂ ಸಾಕು.

ಫ್ರಾಂಕ್‌ಫರ್ಟ್ ಕನ್ನಡತಿ:
ಮತ್ತೆ ದೂರದ ಜೈಲು. ಅರ್ದಬಿಲ್ ಮನುಷ್ಯನನ್ನು ನೂರಾರು ಕಿಲೋಮೀಟರ್ ಆಚೆ ಇಟ್ಟರೆ ವಯಸ್ಸಾದ ತಾಯಿ ಹೋಗಿ ನೋಡುವುದು ಹೇಗೆ? ಕೈದಿಗಳ ಹತ್ತಿರ ಉಳಿಯುವ ಒಂದೇ ಆಯುಧ ಉಪವಾಸ. ಅದನ್ನೂ ಎಷ್ಟೋ ಜನ ಮಾಡಿದ್ದಾರೆ, ಲೆಸಾನಿಯವರೂ ಸೇರಿ.

ಕಾಲ್ಚೆಂಡು ಕಾಳಿಂಗ:
ಭಾಷೆ ಮಾತ್ರ ಅಲ್ಲ, ಕೆರೆ ಉಳಿಸಿ ಅಂದರೂ ಹಿಡಿದಿದ್ದಾರೆ. ಉರ್ಮಿಯಾ ಸರೋವರ. ಅಣೆಕಟ್ಟು, ಕೊಳವೆಬಾವಿ, ಬರ, ಎಲ್ಲಾ ಸೇರಿ ನೀರು ಬತ್ತಿ ಉಪ್ಪಿನ ಬಯಲು ಆಯಿತು. 2011ರ ಆಗಸ್ಟ್‌ನಲ್ಲಿ ಅದಕ್ಕೆ ನೀರು ತರುವ ತುರ್ತು ಮಸೂದೆಯನ್ನು ಸಂಸತ್ತು ತಳ್ಳಿಹಾಕಿತು. ತಬ್ರೀಜ್, ಉರ್ಮಿಯಾಗಳಲ್ಲಿ ಜನ ಬೀದಿಗೆ ಬಂದರು. ಕೆರೆ ಸಾಯುತ್ತಿದೆ, ಸಂಸತ್ತು ಅದರ ಕೊಲೆಗೆ ಆದೇಶ ಕೊಡುತ್ತಿದೆ ಎನ್ನುವ ಅರ್ಥದ ಘೋಷಣೆ. ಸಿಕ್ಕಿದ್ದು ಲಾಠಿ ಮತ್ತು ಬಂಧನ. ಕೆರೆಗೆ ಯಾವ ದೇಶ ಒಡೆಯುವ ಆಸೆ ಇತ್ತು ಸ್ವಾಮಿ?

ಸುಮ್ನೆ ಓದುವವ:
ಇದಕ್ಕೆ ಲೈಕ್ ಒತ್ತಲು ಬಟನ್ ಹುಡುಕುತ್ತಿದ್ದೇನೆ.

ತುಂಗಾ ತೀರ:
ನನಗೆ ಒಂದು ಅನುಮಾನ. ಇವರಲ್ಲಿ ನಿಜವಾಗಿಯೂ ಬೇರೆ ದೇಶ ಬೇಕು ಅನ್ನುವವರು ಇಲ್ಲವೇ ಇಲ್ಲವಾ? ಪ್ರತಿ ವರ್ಷ ಜುಲೈ ಆರಂಭದಲ್ಲಿ ಬಾಬಕ್ ಕೋಟೆ ಹತ್ತಿರ ಸೇರುತ್ತಾರಲ್ಲ, ಅದರ ಉದ್ದೇಶ ಏನು?

ಬೀದರ್ ಬಿಸಿಲು:
ಇದ್ದಾರೆ. ಉತ್ತರದ ಅಜೆರ್ಬೈಜಾನ್ ಗಣರಾಜ್ಯದ ಜೊತೆ ಸೇರಬೇಕು ಅನ್ನುವವರು ಇದ್ದಾರೆ, ಸ್ವಾಯತ್ತತೆ ಸಾಕು ಅನ್ನುವವರು ಇದ್ದಾರೆ, ಇರಾನ್ ಪ್ರಜಾಪ್ರಭುತ್ವ ಆದರೆ ಸಾಕು ಅನ್ನುವವರು ಬೇಕಾದಷ್ಟು. 1813 ಮತ್ತು 1828ರ ಒಪ್ಪಂದಗಳಲ್ಲಿ ರಷ್ಯಾ ಅರಾಸ್ ನದಿಯ ಉತ್ತರದ ಭಾಗವನ್ನು ಕಿತ್ತುಕೊಂಡಿತು, ಒಂದೇ ಜನ ಎರಡು ಕಡೆ ಆದರು. ನೆನಪು ಇರುತ್ತದೆ. ಬಾಬಕ್ 9ನೇ ಶತಮಾನದಲ್ಲಿ ಅಬ್ಬಾಸಿ ಖಲೀಫರ ವಿರುದ್ಧ ದಂಗೆ ಎದ್ದವನು. ಅವನು ನಮ್ಮವನು ಅಂತ ಫಾರ್ಸಿ ರಾಷ್ಟ್ರೀಯವಾದಿಗಳೂ ಹೇಳುತ್ತಾರೆ, ಅಜೆರಿಗಳೂ ಹೇಳುತ್ತಾರೆ. ಕಲೇಬರ್ ಬೆಟ್ಟ ಹತ್ತಿ ಹಾಡಿ, ಕುಣಿದು ಬರುವುದಕ್ಕೆ ದಾರಿಯಲ್ಲೇ ತಡೆಗಟ್ಟೆ, ಬಂಧನ. ಬೇರೆ ದೇಶ ಬೇಕು ಅಂತ ಬಾಯಲ್ಲಿ ಹೇಳುವುದೂ ಅಪರಾಧ ಆಗಬಾರದು ಅನ್ನುವುದು ನನ್ನ ಅಭಿಪ್ರಾಯ, ನೀವು ಒಪ್ಪದೆ ಇರಬಹುದು.

ತುಂಗಾ ತೀರ:
ಕೊನೆಯ ಸಾಲು ಒಪ್ಪಲ್ಲ. ಉಳಿದದ್ದು ಸರಿ.

ಚಹಾ ಚಟ:
ಹಾಗಾದರೆ ಬಾಕುವೇ ಇವರ ರಕ್ಷಕ ಅನ್ನಿ.

ಫ್ರಾಂಕ್‌ಫರ್ಟ್ ಕನ್ನಡತಿ:
ಅಯ್ಯೋ, ಅದಂತೂ ಬೇಡ. ಬಾಕು ತನ್ನ ದೇಶದ ತಾಲಿಶ್ ಎಂಬ ಅಲ್ಪಸಂಖ್ಯಾತ ಭಾಷಿಕ ಜನರಿಗೆ ಮಾಡುವುದು ಇದನ್ನೇ. ತಾಲಿಶ್ ಪತ್ರಿಕೆಯ ಸಂಪಾದಕ ನೊವ್ರುಜಾಲಿ ಮಮ್ಮದೊವ್ 2009ರಲ್ಲಿ ಜೈಲಿನಲ್ಲೇ ಸತ್ತರು. ದೇಶದ್ರೋಹ, ಇರಾನಿನ ಬೇಹುಗಾರ ಅನ್ನುವ ಆರೋಪ. 2025ರಲ್ಲಿ ಇಗ್ಬಾಲ್ ಅಬಿಲೊವ್ ಎಂಬ ತಾಲಿಶ್ ಸಂಶೋಧಕರಿಗೆ 18 ವರ್ಷ. ತೆಹ್ರಾನ್‌ನಲ್ಲಿ ಅಜೆರಿ ಮಾತಾಡಿದರೆ ಬಾಕುವಿನ ಏಜೆಂಟ್, ಬಾಕುವಿನಲ್ಲಿ ತಾಲಿಶ್ ಮಾತಾಡಿದರೆ ತೆಹ್ರಾನಿನ ಏಜೆಂಟ್. ನನ್ನ ಸಹೋದ್ಯೋಗಿ ಇಬ್ಬರನ್ನೂ ಸಮನಾಗಿ ಬೈಯುತ್ತಾಳೆ.

ಗೌರಿಬಿದನೂರು ಲೋಕಲ್:
ಈ ಒಂದು ಮಾತು ಒಪ್ಪುತ್ತೇನೆ. ಆದರೆ ಆಮ್ನೆಸ್ಟಿ ವರದಿಗಳ ಮೇಲೆ ನನಗೆ ನಂಬಿಕೆ ಇಲ್ಲ, ಬಿಡಿ.

ಕಾನೂನು ಕಟ್ಟೆ:
ಆಮ್ನೆಸ್ಟಿ ಬೇಡ ಅಂದರೆ ವಿಶ್ವಸಂಸ್ಥೆಯ ವಿಶೇಷ ವರದಿಗಾರರನ್ನು ನೋಡಿ. ಜಾವೇದ್ ರೆಹಮಾನ್ 2019ರಲ್ಲಿ ಇರಾನಿನ ಅಲ್ಪಸಂಖ್ಯಾತರ ಬಗ್ಗೆಯೇ ವರದಿ ಕೊಟ್ಟಿದ್ದಾರೆ. 2024ರಿಂದ ಆ ಹುದ್ದೆಯಲ್ಲಿ ಮಾಯಿ ಸಾಟೊ ಇದ್ದಾರೆ. ಇರಾನ್ 1975ರಲ್ಲೇ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಒಪ್ಪಿಗೆ ಕೊಟ್ಟಿದೆ. ಅದರ 27ನೇ ವಿಧಿ ಅಲ್ಪಸಂಖ್ಯಾತರ ಭಾಷೆಯ ಬಗ್ಗೆಯೇ ಇದೆ. ಕ್ರಾಂತಿಯ ನಂತರವೂ ಅದರಿಂದ ಹೊರಬಂದಿಲ್ಲ.

ತುಂಗಾ ತೀರ:
ನಮ್ಮ ಗೋಕಾಕ್ ಚಳವಳಿ ನೆನಪಾಯಿತು. ಭಾಷೆಗೆ ಅಂತ ರಾಜ್‌ಕುಮಾರ್ ಬೀದಿಗೆ ಇಳಿದಿದ್ದರು. ಅದನ್ನು ಯಾರೂ ದೇಶದ್ರೋಹ ಅನ್ನಲಿಲ್ಲ.

ಬೀದರ್ ಬಿಸಿಲು:
ಹೋಲಿಕೆ ಸ್ವಲ್ಪ ಉಲ್ಟಾ. ಅಲ್ಲಿ ನಾವು ನಮ್ಮ ರಾಜ್ಯದಲ್ಲಿ ಬಹುಸಂಖ್ಯಾತರು. ಅಜೆರಿಗಳ ಸ್ಥಾನ ಹೋಲಿಸಬೇಕಾದರೆ ಬೀದರಿನ ಮರಾಠಿ, ಉರ್ದು ಮಾಧ್ಯಮದ ಸರ್ಕಾರಿ ಶಾಲೆ ನೋಡಿ. ಅಂಥದ್ದೊಂದು ತಬ್ರೀಜ್‌ನಲ್ಲಿ ಇಲ್ಲ, ಇಡೀ ಊರೇ ತುರ್ಕಿ ಮಾತಾಡಿದರೂ.

ನಿರ್ವಾಹಕ:
ಗೋಕಾಕ್ ವರದಿ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಇರಾನ್ ಇರಲಿ.

ಹೇಮಾವತಿ ದಂಡೆ:
ಎವಿನ್ ಮೇಲೆ ಬಾಂಬ್ ಬಿತ್ತಲ್ಲ, ಅಲ್ಲಿದ್ದ ಕೈದಿಗಳ ಕಥೆ ಏನಾಯಿತು?

ಫ್ರಾಂಕ್‌ಫರ್ಟ್ ಕನ್ನಡತಿ:
2025ರ ಜೂನ್ 23. ಇಸ್ರೇಲ್ ದಾಳಿ. ಕೈದಿಗಳು, ಸಿಬ್ಬಂದಿ, ನೋಡಲು ಬಂದ ಮನೆಯವರು, ಎಲ್ಲರಲ್ಲೂ ಸತ್ತವರಿದ್ದಾರೆ. ಉಳಿದವರನ್ನು ಗಂಡಸರಾದರೆ ಫಶಾಫುಯೆಯ ಗ್ರೇಟರ್ ತೆಹ್ರಾನ್ ಜೈಲಿಗೆ, ಹೆಂಗಸರಾದರೆ ಕರ್ಚಕ್‌ಗೆ ಸಾಗಿಸಿದರು. ಎರಡೂ ಕಿಕ್ಕಿರಿದ, ಕೊಳಕು ಜೈಲುಗಳು ಅಂತ ಮೊದಲೇ ಹೆಸರು. ಯುದ್ಧ ಆದ ಮೇಲೆ ಬೇಹುಗಾರಿಕೆ ಆರೋಪ ಹೊರಿಸುವುದು ಇನ್ನೂ ಜಾಸ್ತಿ ಆಯಿತು, ಅಜೆರಿಗಳಿಗೆ ಮಾತ್ರ ಅಲ್ಲ, ಕುರ್ದರಿಗೂ, ಬಹಾಯಿ ಧರ್ಮದವರಿಗೂ.

ಸುಮ್ನೆ ಓದುವವ:
ಎಲ್ಲಾ ಸರಿ, ಆ ಕ್ಲಬ್ಬಿಗೆ ಟ್ರ್ಯಾಕ್ಟರ್ ಅಂತ ಯಾಕೆ ಹೆಸರು?

ಕಾಲ್ಚೆಂಡು ಕಾಳಿಂಗ:
ತಬ್ರೀಜ್‌ನಲ್ಲಿ ದೊಡ್ಡ ಟ್ರ್ಯಾಕ್ಟರ್ ಕಾರ್ಖಾನೆ ಇದೆ. 1970ರಲ್ಲಿ ಶುರುವಾದ ಕ್ಲಬ್ ಅದು, ಕಾರ್ಖಾನೆ ನೌಕರರ ತಂಡ. ನಮ್ಮ ಎಚ್‌ಎಎಲ್ ತಂಡ ಇದ್ದಂತೆ ಅಂದುಕೊಳ್ಳಿ. ಜೆರ್ಸಿ ಕೆಂಪು. ಗೆದ್ದ ರಾತ್ರಿಯ ವಿಡಿಯೋ ಹುಡುಕಿ ನೋಡಿ, ಘೋಷಣೆಗಳೂ ಕೇಳಿಸುತ್ತವೆ.